ಬೆರಳಿನ ಗುಟ್ಟು

ಕನ್ನಡದಲ್ಲಿ ‘ಮತ’ ಎಂಬುದೊಂದು ವಿಚಿತ್ರವಾದ ಪದ. ಅಭಿಪ್ರಾಯವೂ ಮತವೇ, ಧರ್ಮವೂ ಮತವೇ, ಚುನಾವಣೆಯಲ್ಲಿ ನಾವು ಕೊಟ್ಟು ಬರುವುದೂ ಮತವೇ. ನಮ್ಮ ಸುರತ್ಕಲ್ಲಿನ ಜನ ಜಾಣರು. ಈ ಗೊಂದಲವೇ ಬೇಡವೆಂದು ‘ಓಟು’ ಎಂದುಬಿಡುತ್ತಾರೆ.

ಅರ್ಥ ಮೂರಾದರೂ ಮೂರಕ್ಕೂ ಸಲ್ಲುವ ಗುಣವೊಂದುಂಟು: ಹೆದರಿಸಿ ಪಡೆದರೆ ಅದು ಮತವಾಗಿ ಉಳಿಯುವುದಿಲ್ಲ. ಕಾನೂನು ಇದನ್ನು ಬಹಳ ಹಿಂದೆಯೇ ಬಲ್ಲುದು. ಮತದಾರನನ್ನು ಬೆದರಿಸುವುದನ್ನು ಅಪರಾಧವೆಂದು ದಂಡಸಂಹಿತೆಗೆ ಸೇರಿಸಿದ್ದು 1920ರಲ್ಲಿ. ಅದೇ ಮಾತು ಇಂದು 2023ರ ಭಾರತೀಯ ನ್ಯಾಯ ಸಂಹಿತೆಯ 171ನೆಯ ಕಲಮಿನಲ್ಲಿದೆ. ಶಿಕ್ಷೆ ಒಂದು ವರ್ಷದವರೆಗಿನ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಕೈಕಾಲು ಮುರಿಯುತ್ತೇನೆ ಎನ್ನುವುದು ಮಾತ್ರವಲ್ಲ, ನಮಗೆ ಓಟು ಕೊಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುವೆ ಎಂದು ನಂಬಿಸುವುದೂ ಅಲ್ಲಿ ಅಪರಾಧವೇ. ದೈವದೆದುರು ಸುಳ್ಳಾಡಲು ನಾಲಗೆ ತೊದಲುವ ತುಳುನಾಡಿನಲ್ಲಿ ಇದು ಸಣ್ಣ ಮಾತಲ್ಲ. ಇನ್ನು 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ ಪ್ರಕಾರ, ಸಾಮಾನ್ಯ ಮತದಾರ ಯಾರಿಗೆ ಓಟು ಕೊಟ್ಟನೆಂದು ನ್ಯಾಯಾಲಯವೂ ಅವನ ಬಾಯಿ ಬಿಡಿಸುವಂತಿಲ್ಲ.

ಇಷ್ಟೆಲ್ಲ ಇದ್ದೂ ಭಯ ಹೋಗಿದೆಯೇ? ನಮ್ಮ ನೆರೆಯಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರು ಒಮ್ಮೆ ಕೇಳಿದರು:

“ಮಾಷ್ಟ್ರೇ, ನಾನು ಒತ್ತಿದ್ದು ಯಾರಿಗೆ ಅಂತ ಅವರಿಗೆ ಗೊತ್ತಾಗ್ತದಾ?”

“ಇಲ್ಲ ಅಕ್ಕ. ಚೀಟಿ ಏಳು ಸೆಕೆಂಡು ನಿಮ್ಮ ಕಣ್ಣಿಗೆ ಮಾತ್ರ ಕಾಣ್ತದೆ, ಆಮೇಲೆ ಪೆಟ್ಟಿಗೆಗೆ ಬೀಳ್ತದೆ. ಅದರಲ್ಲಿ ನಿಮ್ಮ ಹೆಸರಿಲ್ಲ.”

“ನನ್ನದು ಬಿಡಿ. ನಮ್ಮ ಬೂತಿನ ಲೆಕ್ಕ ಅವರಲ್ಲಿ ಉಂಟಂತಲ್ಲ?”

ಮುಳ್ಳು ಇರುವುದೇ ಅಲ್ಲಿ. ಕಾಗದದ ಮತಪತ್ರಗಳ ಕಾಲದಲ್ಲಿ, ಬೆದರಿಕೆಯ ಶಂಕೆಯಿದ್ದ ಕಡೆ ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸಲು ನಿಯಮವಿತ್ತು. ಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕವೂ ಬೇರೆಯಾಗಿಯೇ ಹೊರಬೀಳುತ್ತದೆ. ಒಬ್ಬಳ ಗುಟ್ಟು ಉಳಿಯಿತು, ಕೇರಿಯ ಗುಟ್ಟು ಬಯಲಾಯಿತು. ಹಲವು ಯಂತ್ರಗಳ ಮತವನ್ನು ಕೂಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ‘ಟೋಟಲೈಸರ್’ ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗವೂ 2015ರಲ್ಲಿ ಅದನ್ನೇ ಶಿಫಾರಸು ಮಾಡಿತು. ಕೇಂದ್ರ ಸರಕಾರ ಒಪ್ಪಲಿಲ್ಲ. ಮತಗಟ್ಟೆವಾರು ಲೆಕ್ಕ ತಿಳಿದರೆ ಹಿಂದೆ ಬಿದ್ದ ಕಡೆ ಪಕ್ಷಗಳು ಹೆಚ್ಚು ದುಡಿಯುತ್ತವೆ ಎಂಬುದು ಅದರ ವಾದ. ಕೇಳಲು ಚೆನ್ನಾಗಿದೆ. ಆದರೆ ಓಟು ಬಾರದ ಕೇರಿಗೆ ಮೊದಲು ಬರುವವನು ನಲ್ಲಿ ಹಾಕಿಸುವವನೋ, ಇದ್ದ ನಲ್ಲಿಯನ್ನು ನಿಲ್ಲಿಸುವವನೋ? ಅಕ್ಕನ ಅಳುಕು ಅದು.

ನಮ್ಮ ಮೈಸೂರಿನಲ್ಲಿ ತಯಾರಾಗುವ ಶಾಯಿ 1962ರ ಮಹಾಚುನಾವಣೆಯಿಂದ ಮತದಾರರ ಬೆರಳನ್ನೇರಿ ಕುಳಿತಿದೆ. ಓಟು ಹಾಕಿದ್ದಾಯಿತು ಎಂದು ಅದು ಊರಿಗೆಲ್ಲ ಸಾರುತ್ತದೆ. ಯಾರಿಗೆ ಎಂದು ಮಾತ್ರ ಉಸುರುವುದಿಲ್ಲ. ಎಣಿಕೆಯ ಯಂತ್ರವೂ ಆ ಶಾಯಿಯಿಂದ ಇಷ್ಟು ಸಭ್ಯತೆ ಕಲಿತರೆ ಸಾಕು.