ವೈದ್ಯನಾಗುವ ಮೊದಲಿನ ಚಾಕರಿ

ಬೈಲಹೊಂಗಲದ ಸಮೀಪದ ಹಳ್ಳಿಯೊಂದರಲ್ಲಿ ಒಕ್ಕಲುತನದ ಮನೆಯ ತರುಣನೊಬ್ಬನು ಪಿ. ಯು. ಸಿ. ಮುಗಿಸಿದ ವರ್ಷವೇ ವೈದ್ಯಕೀಯದ ಪ್ರವೇಶಪರೀಕ್ಷೆಗೆ ಕುಳಿತು, ಸರಕಾರದ ಸೀಟು ದೊರೆಯುವಷ್ಟು ಅಂಕಗಳು ಬಾರದೆ ನಿರಾಶನಾದನು. ಸಹಪಾಠಿಗಳಲ್ಲಿ ಅನುಕೂಲವಂತರು ಧಾರವಾಡ, ಬೆಳಗಾವಿಗಳಿಗೆ ಹೋಗಿ ಮತ್ತೊಂದು ವರ್ಷದ ಪಾಠಕ್ಕೆ ಹಣ ಕಟ್ಟಿದರು. ಈತನ ತಂದೆಯ ಎರಿಹೊಲದ ಬೆಳೆಯಾದರೋ ಸಾಲದ ಬಡ್ಡಿಗೇ ಸರಿಹೋಗಿದ್ದಿತು. ಆದುದರಿಂದ ಹುಡುಗನು ಪಟ್ಟಣದ ಒಂದು ಖಾಸಗಿ ದವಾಖಾನೆಯಲ್ಲಿ ರಾತ್ರಿಪಾಳಿಯ ವಾರ್ಡ್‌ಬಾಯ್ ಆಗಿ ಪಗಾರಕ್ಕೆ ಸೇರಿದನು. ರಾತ್ರಿ ದುಡಿಯುವದು, ಹಗಲು ಓದುವದು, ಬಂದ ಪಗಾರದಿಂದ ಪುಸ್ತಕಗಳ ಹಾಗೂ ಮೊಬಾಯಿಲಿನ ಮೇಲಿನ ಪಾಠಗಳ ಖರ್ಚನ್ನು ನೀಗಿಸುವದು, ಇದು ಆತನ ಲೆಕ್ಕ.

"ಡಾಕ್ಟರ ಆಗ್ತೇನಂದಾಂವ ಮಂದಿ ಹೊಲಸು ಬಳ್ಯಾಕ ಹೊಂಟೀಯೇನೋ?" ಎಂದು ತಾಯಿ ಕಣ್ಣೀರಿಟ್ಟಳು.

"ಡಾಕ್ಟರ ಆದಮ್ಯಾಲೂ ಅದನ್ನ ನೋಡೂದ ಐತೆಲ್ಲಬೇ ಯವ್ವಾ" ಎಂದನು ಮಗ.

ಅಂದಿನಿಂದ ಆತನು ಬೆಳಿಗ್ಗೆ ಮನೆಗೆ ಬಂದರೆ, ಹಿತ್ತಲಲ್ಲಿ ಮಿಂದ ಹೊರತು ಆಕೆಯು ಅಡಿಗೆಮನೆಯ ಹೊಸ್ತಿಲನ್ನು ದಾಟಗೊಡುತ್ತಿದ್ದಿಲ್ಲ.

ಇಂಥ ಚಾಕರಿಯಿಂದ ಪ್ರವೇಶಕ್ಕೆ ಏನಾದರೂ ಅನುಕೂಲವುಂಟೋ ಎಂದು ವಾಚಕರು ಕೇಳಬಹುದು. ಎಳ್ಳಷ್ಟೂ ಇಲ್ಲ. ಅಮೇರಿಕೆಯ ವೈದ್ಯಕೀಯ ಶಾಲೆಗಳು ಅರ್ಜಿದಾರನು ರೋಗಿಗಳ ಸನಿಹದಲ್ಲಿ ಇದ್ದು ಬಂದಿರುವನೋ ಎಂಬುದನ್ನು ವಿಚಾರಿಸುವವು; ಅದಕ್ಕಾಗಿಯೇ ಅಲ್ಲಿಯ ತರುಣರು ಆಂಬ್ಯುಲನ್ಸಿನ ಸಹಾಯಕರಾಗಿಯೋ, ವೈದ್ಯನು ಹೇಳಿದ್ದನ್ನು ಬರೆದುಕೊಳ್ಳುವ ಲೇಖಕರಾಗಿಯೋ ಒಂದೆರಡು ವರ್ಷ ಸಂಬಳಕ್ಕೆ ದುಡಿಯುವದುಂಟು. ನಮ್ಮಲ್ಲಿಯಾದರೆ ದೇಶಕ್ಕೆಲ್ಲ ಕಡ್ಡಾಯವಾದ ನೀಟ್ ಪರೀಕ್ಷೆಯೊಂದೇ ದ್ವಾರವು. 180 ಪ್ರಶ್ನೆಗಳು, 720 ಅಂಕಗಳು, ಸಂದರ್ಶನವೆಂಬುದಿಲ್ಲ. ಹಳ್ಳಿಯ ಸಾಲೆಯಲ್ಲಿ ಓದಿದವರಿಗೆ ನಮ್ಮ ರಾಜ್ಯದ ಸೀಟುಗಳಲ್ಲಿ 15 ಪ್ರತಿಶತ, ಕನ್ನಡದಲ್ಲಿ ಓದಿದವರಿಗೆ 5 ಪ್ರತಿಶತ ಮೀಸಲುಂಟು. ರೋಗಿಯ ಮಗ್ಗುಲಲ್ಲಿ ರಾತ್ರಿ ಕಳೆದವನಿಗೆ ಮಾತ್ರ ಯಾವ ಮೀಸಲೂ ಇಲ್ಲ.

ಪಿ. ಯು. ಸಿ. ಮಾತ್ರ ಆದವನಿಗೆ ದೊರೆಯುವ ಕೆಲಸಗಳೂ ಕೆಲವೇ. ಚೀಟಿ ಬರೆಯುವದು, ಸ್ಟ್ರೆಚರ್ ಎಳೆಯುವದು, ಹಾಸಿಗೆ ಬದಲಿಸುವದು. ನರ್ಸಿಂಗ್, ಲ್ಯಾಬು, 108ರ ಗಾಡಿ, ಇವೆಲ್ಲವೂ ಬೇರೆ ಶಿಕ್ಷಣವನ್ನು ಬೇಡುವವು. ಮುಂಬಯಿ ಇಲಾಖೆಯ ಕಾಲದಲ್ಲಿ ಕಂಪೌಂಡರನೆಂಬ ಪ್ರಾಣಿಯಿದ್ದನು. ಬಾಟಲಿಯಲ್ಲಿ ಔಷಧವನ್ನು ಬೆರೆಸಿ, ಗುಟುಕಿನ ಗುರುತಿಗೆ ಕಾಗದದ ಪಟ್ಟಿಯನ್ನು ಹಚ್ಚಿ ಕೊಡುತ್ತಿದ್ದನು. ನೋಂದಾಯಿತರಲ್ಲದವರು ವೈದ್ಯನ ಚೀಟಿಯ ಮೇಲೆ ಔಷಧ ಬೆರೆಸಿ ಕೊಡಕೂಡದೆಂದು 1948ರ ಫಾರ್ಮಸಿ ಕಾಯಿದೆಯು ವಿಧಿಸಿತು. ಆದರೂ ಕೆಲವು ಸಹಾಯಕರು ನಾಲ್ಕು ವರ್ಷ ನೋಡಿ ಕಲಿತು, ಐದನೆಯ ವರ್ಷ ಬೇರೊಂದು ಹಳ್ಳಿಯಲ್ಲಿ ಸೂಜಿ ಹಿಡಿದು 'ಡಾಕ್ಟರ'ರಾದದ್ದನ್ನು ಕಾಣದ ಊರಾವದು?

ಈ ಹುಡುಗನಿಗೆ ಹಿರಿಯ ಸಿಸ್ಟರು ಮೊದಲನೆಯ ರಾತ್ರಿಯೇ ಹೇಳಿದ ಮಾತು, ಏನನ್ನು ಮುಟ್ಟಬಾರದೆಂಬುದು. ಭಾರತ ಹುಣ್ಣಿವೆಯ ದಿನಗಳಲ್ಲಿ ಸವದತ್ತಿಯ ಯಲ್ಲಮ್ಮನ ಗುಡ್ಡದಿಂದ ಮರಳುವ ಟ್ರ್ಯಾಕ್ಟರೊಂದು ಉರುಳಿ, ಗಾಯಾಳುಗಳು ಒಮ್ಮೆಲೇ ಬಂದರು. ಸಿಸ್ಟರು ಮೇಲಿನ ಮಾಳಿಗೆಯಲ್ಲಿದ್ದರು. "ನೀನ ಒಂದ ಸೂಜಿ ಮಾಡಪಾ, ಜೀವಾ ಹೊಂಟೈತಿ" ಎಂದು ಗಾಯಾಳುವಿನ ಅಣ್ಣನು ಈತನ ಅಂಗಿಯನ್ನು ಹಿಡಿದು ಜಗ್ಗಿದನು. ಸೂಜಿಯೂ ಔಷಧವೂ ಕೈಯಳತೆಯಲ್ಲಿಯೇ ಇದ್ದವು. ಈತನು ಬೈಗಳನ್ನು ತಿಂದು, ಮೆಟ್ಟಿಲು ಹತ್ತಿ ಓಡಿ ಸಿಸ್ಟರನ್ನು ಕರೆತಂದನು. ಆ ಮನುಷ್ಯನು ಬದುಕಿದನು.

ಮತ್ತೆ ಕಲಿತದ್ದೆಂದರೆ ರಾಮದುರ್ಗದ ಕಡೆಯ ಒಬ್ಬ ಮುದಿ ನೇಕಾರನಿಂದ. ಅರ್ಧಾಂಗವಾಯುವಿನಿಂದ ಮಲಗಿದವನನ್ನು ಎರಡೆರಡು ತಾಸಿಗೆ ಹೊರಳಿಸದಿದ್ದರೆ ಬೆನ್ನು, ಹಿಮ್ಮಡಿಗಳು ಒತ್ತಿ ಹುಣ್ಣಾಗುವವು. ಎಳೆದರೆ ಚರ್ಮ ಕಿತ್ತೀತು; ಎತ್ತಿ ಹೊರಳಿಸಬೇಕು; ಮೊಣಕಾಲುಗಳ ನಡುವೆ ದಿಂಬು ಇಡಬೇಕು. ಮಾತು ಬಿದ್ದುಹೋಗಿದ್ದ ಆ ಮುದುಕನು ಪ್ರತಿಸಲವೂ ಈತನ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಳ್ಳುತ್ತಿದ್ದನಂತೆ.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ದಾಕ್ಷ್ಯ, ಶೌಚ ಎಂಬೆರಡು ಗುಣಗಳು ವೈದ್ಯನ ಪಟ್ಟಿಯಲ್ಲಿಯೂ ಇವೆ, ಉಪಚಾರಕನ ಪಟ್ಟಿಯಲ್ಲಿಯೂ ಇವೆ. ವೈದ್ಯನಿಗೆ ಮಿಕ್ಕವು, ಶಾಸ್ತ್ರದ ನಿರ್ಮಲಜ್ಞಾನ ಹಾಗೂ ಚಿಕಿತ್ಸಾಕರ್ಮವನ್ನು ಅನೇಕಸಲ ಕಣ್ಣಾರೆ ಕಂಡಿರುವದು. ಇಂದಿನ ಪರೀಕ್ಷೆಯು ಈ ನಾಲ್ಕರಲ್ಲಿ ಒಂದರ ಹೊಸ್ತಿಲನ್ನು ಮಾತ್ರ ಅಳೆಯುವದು. ಹಾಗೆಂದು ಮಿಕ್ಕವುಗಳಿಗೂ ಅಂಕ ಕೊಡಬೇಕೆನ್ನಲು ಮನಸ್ಸು ಹಿಂಜರಿಯುವದು. ನಮ್ಮ ನಾಡಿನಲ್ಲಿ ಅಂಥ ಪ್ರಮಾಣಪತ್ರವು ಮೊದಲು ದೊರೆಯುವದು ದವಾಖಾನೆಯ ಒಡೆಯನ ಮಗನಿಗೆ. ಮಲಪಾತ್ರೆ ಎತ್ತಿದ ಬಡವನು ಆಗಲೂ ಹೊರಗೇ ನಿಂತಾನು. ಪರೀಕ್ಷೆಯ ಕುರುಡುತನವೇ ಒಮ್ಮೊಮ್ಮೆ ಬಡವನ ಪಾಲಿಗೆ ನ್ಯಾಯ.

ಆದರೆ ನಿದ್ದೆಗೆಟ್ಟ ಕಣ್ಣಿಗೆ ಭೌತಶಾಸ್ತ್ರವು ಹತ್ತುವದಿಲ್ಲ. ದೀಪಾವಳಿಯ ಹೊತ್ತಿಗೆ ಅಭ್ಯಾಸಪರೀಕ್ಷೆಗಳಲ್ಲಿ ಅಂಕಗಳು ಹಿಂದಿನ ವರ್ಷಕ್ಕಿಂತಲೂ ಇಳಿದಿದ್ದವು. ಹಗಲುಪಾಳಿಯನ್ನು ಕೇಳಿದನು, ದೊರೆಯಲಿಲ್ಲ. ಶುಲ್ಕದ ಕೊನೆಯ ಕಂತು ತೀರುವ ವರೆಗೆ ಹೇಗೋ ತಡೆದು, ಮಾರ್ಚಿನಲ್ಲಿ ಕೆಲಸವನ್ನು ಬಿಟ್ಟನು. ಅಷ್ಟರಲ್ಲಿ ಅರ್ಜಿಯನ್ನು ತುಂಬಿಯಾಗಿತ್ತು. ಆ ಒಂಬತ್ತು ತಿಂಗಳುಗಳನ್ನು ಬರೆಯಲು ಅದರಲ್ಲಿ ಒಂದು ಕಲಮೂ ಇದ್ದಿಲ್ಲ.

ಏಪ್ರಿಲಿನಲ್ಲಿ ಮನೆಯ ಅಜ್ಜಿಯು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯೆಲುಬನ್ನು ಮುರಿದುಕೊಂಡಳು. ವಯಸ್ಸಿನ ಕಾರಣ ಶಸ್ತ್ರಕ್ರಿಯೆ ಬೇಡವೆಂದರು. ಮೊಮ್ಮಗನು ಗಡಿಯಾರವನ್ನು ಇಟ್ಟುಕೊಂಡು ಎರಡು ತಾಸಿಗೊಮ್ಮೆ, ವೈದ್ಯರು ತೋರಿಸಿಕೊಟ್ಟಂತೆ, ಆಕೆಯ ಮಗ್ಗುಲು ಬದಲಿಸತೊಡಗಿದನು. ತಾಯಿಯು ಮೊದಮೊದಲು ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕನೆಯ ದಿನ ಒಳಗೆ ಬಂದು ದಿಂಬನ್ನು ಹಿಡಿದಳು. ಹಿತ್ತಲ ಸ್ನಾನದ ಮಾತು ನಿಂತುಹೋಯಿತು.

ಮೇ ತಿಂಗಳಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಹುಡುಗನು ಎರಡು ಗಂಟೆಗೆ ತನ್ನಷ್ಟಕ್ಕೆ ಎಚ್ಚತ್ತು, ಕತ್ತಲಲ್ಲಿ ಕೈಯಾಡಿಸುತ್ತ ಅಜ್ಜಿಯ ಕೋಣೆಗೆ ಹೋದನು. ಅಜ್ಜಿಯು ಆಗಲೇ ಬೇರೆ ಮಗ್ಗುಲಿಗೆ ಮಲಗಿದ್ದಳು. ಮೊಣಕಾಲುಗಳ ನಡುವೆ ದಿಂಬು ಸರಿಯಾಗಿತ್ತು. ಗೋಡೆಗೆ ಆತು ಕುಳಿತಿದ್ದ ತಾಯಿಯು, "ನೀ ಹೋಗಿ ಮಲ್ಕೋ" ಎಂದಳು.