ಸಕಲೇಶಪುರದ ಹಿತ್ತಿಲುಗಳಲ್ಲಿ ಬೀಜಸಂಸ್ಕಾರ

ಹಾಸನದಿಂದ ಪಡುವಲಾಗಿ ಹೊರಟ ರೈಲು ಆಲೂರನ್ನು ದಾಟಿ ಬಾಳ್ಳುಪೇಟೆಯನ್ನು ಸಮೀಪಿಸುವಷ್ಟರಲ್ಲಿಯೇ ನೆಲದ ರೂಪವೂ ಗಾಳಿಯ ಗುಣವೂ ಬೇರೆಯಾಗುವುವು. ಆಲೂರಿನ ಸುತ್ತ ಆಲೂಗೆಡ್ಡೆ, ಶುಂಠಿ, ಮುಸುಕಿನ ಜೋಳದ ಹೊಲಗಳು. ಅಲ್ಲಿಂದಾಚೆಗೆ ಕಾಫಿ, ಮೆಣಸು, ಏಲಕ್ಕಿಗಳ ರಾಜ್ಯ. ಹೇಮಾವತಿಯ ಸೊಬಗನ್ನೂ, ಟಿಪ್ಪುಸುಲ್ತಾನನು ಕಟ್ಟಿಸಿದ ಮಂಜರಾಬಾದಿನ ನಕ್ಷತ್ರಾಕೃತಿಯ ಕೋಟೆಯನ್ನೂ ವರ್ಣಿಸಿದವರು ಅನೇಕರಿರುವರು. ನಮ್ಮ ಕಣ್ಣನ್ನು ಸೆಳೆದುದು ಮನೆಗಳ ಹಿಂದಣ ಹಿತ್ತಿಲು.

ಇಲ್ಲಿಯ ವಿಚಿತ್ರವೇನೆಂದರೆ, ತೋಟವುಳ್ಳ ಗೃಹಸ್ಥರು ಕೂಡ ಬದನೆ ಬೆಂಡೆಗಳಿಗಾಗಿ ಸಂತೆಯ ದಿನವನ್ನು ಕಾದಿರುವರು. ನಾವು ಇಳಿದುಕೊಂಡಿದ್ದ ಮನೆಯ ಯಜಮಾನಿಯವರು, "ನಮ್ಮ ಮಣ್ಣಿನಲ್ಲಿ ಬೀಜ ಹುಟ್ಟುವುದೇ ಇಲ್ಲ, ಮೇಷ್ಟ್ರೇ" ಎಂದರು. ಮಾತು ಪೂರ್ತಿ ಸುಳ್ಳಲ್ಲ. ಮಲೆನಾಡಿನ ಜಡಿಮಳೆಯು ನೆಲದ ಸುಣ್ಣದಂಶವನ್ನು ವರ್ಷವರ್ಷವೂ ತೊಳೆದೊಯ್ಯುವುದರಿಂದ ಮಣ್ಣು ಹುಳಿಯಾಗುವುದು. ನೀರು ನಿಂತ ಪಾತಿಯಲ್ಲಿ ಬೀಜವು ಮೊಳೆಯುವ ಮುಂಚೆಯೇ ಕೊಳೆಯುವುದು.

ಆದರೆ ಇದೇ ಮಣ್ಣಿನಲ್ಲಿ, ಕಾಫಿಗೆ ನೆರಳಾಗಿ ನಿಂತ ಹಾಲುವಾಣವು ಹುಲುಸಾಗಿ ಬೆಳೆಯುವುದಲ್ಲವೆ? ಅದರ ಎಳೆಯ ಗಿಡವನ್ನಾಗಲಿ ಅಲಸಂದೆಯ ಗಿಡವನ್ನಾಗಲಿ ಮೆಲ್ಲನೆ ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುವುವು. ಗಂಟನ್ನು ಸೀಳಿದಾಗ ಒಳಗೆ ನಸುಗೆಂಪಿದ್ದರೆ ರೈಜೋಬಿಯಂ ಎಂಬ ಸೂಕ್ಷ್ಮಜೀವಿಗಳು ಅಲ್ಲಿ ಕೆಲಸದಲ್ಲಿರುವುವೆಂದು ತಿಳಿಯಬೇಕು. ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ ಗಿಡವು ಅದನ್ನು ನೇರವಾಗಿ ಉಣ್ಣಲಾರದು. ಉಣ್ಣತಕ್ಕ ರೂಪಕ್ಕೆ ತರುವುವು ಈ ಜೀವಿಗಳು. ಹಾಲೆಂಡಿನ ಬೈಯರಿಂಕ್ ಎಂಬ ವಿದ್ವಾಂಸನು 1888ರಲ್ಲಿ ಇವನ್ನು ಗಂಟಿನಿಂದ ಬೇರ್ಪಡಿಸಿ ಬೆಳೆಸಿದನು. 1901ರಲ್ಲಿ, ಗಂಟಿನ ಹಂಗಿಲ್ಲದೆ ಮಣ್ಣಿನಲ್ಲಿ ಬಾಳುವ ಅಜಟೋಬ್ಯಾಕ್ಟರನ್ನು ವರ್ಣಿಸಿದನು. ಬೇರಿನ ಮಗ್ಗುಲಲ್ಲಿಯೇ ವಾಸಿಸುವ ಮತ್ತೊಂದು ಬಗೆಗೆ 1978ರಲ್ಲಿ ಅಜೋಸ್ಪೈರಿಲಂ ಎಂದು ಹೆಸರಾಯಿತು.

ಬೀಜಕ್ಕೆ ಸಂಸ್ಕಾರಮಾಡುವುದು ನಮ್ಮವರಿಗೆ ಹೊಸತಲ್ಲ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಬೀಜವನ್ನು ಹತ್ತು ದಿನ ಹಾಲಿನಲ್ಲಿಟ್ಟು ಸಗಣಿಯಲ್ಲಿ ಹೊರಳಿಸುವ ವಿಧಿಯುಂಟು. ಇದರಿಂದ ಪೂರ್ವಿಕರಿಗೆ ಸೂಕ್ಷ್ಮಜೀವಿಗಳು ಗೊತ್ತಿದ್ದುವೆಂದು ಸಾಧಿಸಹೊರಡುವ ಪಂಡಿತರ ಗುಂಪಿಗೆ ನಾವು ಸೇರಿದವರಲ್ಲ.

ಈಗ ಈ ಜೀವಿಗಳು ಪುಡಿಯಲ್ಲಿ ಬೆರೆತು ಪೊಟ್ಟಣಗಳಲ್ಲಿ ದೊರೆಯುವುವು. ಮೇಲೆ ಹೇಳಿದ ಯಜಮಾನಿಯವರೂ ಒಂದನ್ನು ತರಿಸಿದ್ದರು. ಎಲ್ಲಿಟ್ಟಿದ್ದೀರೆಂದು ಕೇಳಲು, ಒಲೆಯ ಮೇಲಣ ಅಟ್ಟವನ್ನು ತೋರಿಸಿದರು! ಬೀಜಗಳನ್ನು ಹೊಗೆಯಾಡುವ ಅಟ್ಟದಲ್ಲಿಡುವುದು ಮಳೆಸೀಮೆಯ ಹಿರಿಯರು ಕಂಡುಕೊಂಡ ಸರಿಯಾದ ಉಪಾಯವೇ. ಆದರೆ ಪೊಟ್ಟಣದೊಳಗಿರುವುದು ಜೀವ. ಶಾಖದಲ್ಲಿ ಅದು ಬೂದಿಗೆ ಸಮಾನವಾಗುವುದು. ತಂಪಾದ ನೆರಳಿನಲ್ಲಿಟ್ಟು, ಮೇಲೆ ಅಚ್ಚಾದ ಅವಧಿಯೊಳಗಾಗಿ ಬಳಸಬೇಕು. ತೋಟದ ಮನೆಗಳಲ್ಲಿ ಇನ್ನೊಂದು ಅಪಾಯವುಂಟು. ಬೋರ್ಡೋ ದ್ರಾವಣಕ್ಕಾಗಿ ಮೈಲುತುತ್ತವನ್ನು ಕಲಸಿದ ಪಾತ್ರೆಯಲ್ಲಿ ಇದನ್ನು ಕಲಸಲೇಕೂಡದು. ತಾಮ್ರವು ಇವುಗಳಿಗೆ ವಿಷ. ಯೂರಿಯಾದೊಡನೆಯೂ ಬೆರೆಸಬಾರದು.

ಕ್ರಮವು ಸುಲಭ. ಬೆಲ್ಲದ ನೀರನ್ನು ಕುದಿಸಿ ಪೂರ್ತಿ ಆರಿಸಿ, ಪುಡಿಯನ್ನು ಕಲಸಿ, ಬೀಜಕ್ಕೆ ತೆಳುವಾಗಿ ಲೇಪವಾಗುವಂತೆ ಹೊರಳಿಸಿ, ನೆರಳಿನಲ್ಲಿ ಒಣಗಿಸಿ ಅಂದೇ ಬಿತ್ತತಕ್ಕದ್ದು. ಬದನೆ, ಮೆಣಸಿನಕಾಯಿ, ಟೊಮ್ಯಾಟೋ ಸಸಿಗಳಾದರೆ ನಾಟಿಗೆ ಮುಂಚೆ ಬೇರುಗಳನ್ನು ಈ ಪುಡಿ ಕದಡಿದ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿಡಬೇಕು. ಅಲಸಂದೆ, ಹುರುಳಿಕಾಯಿಗಳಿಗೆ ಆಯಾ ಜಾತಿಗೆ ತಕ್ಕ ರೈಜೋಬಿಯಂ, ಉಳಿದುವಕ್ಕೆ ಅಜೋಸ್ಪೈರಿಲಂ. ಅಜಟೋಬ್ಯಾಕ್ಟರಿಗೆ ಹುಳಿಮಣ್ಣು ಆಗದು. ಆದಕಾರಣ ಈ ಸೀಮೆಯಲ್ಲಿ ಬಿತ್ತನೆಗೆ ಕೆಲವು ವಾರ ಮೊದಲೇ ಮಣ್ಣನ್ನು ಪರೀಕ್ಷೆಮಾಡಿಸಿ ಸುಣ್ಣ ಹಾಕುವುದು, ಕಳಿತ ಗೊಬ್ಬರ ಕೊಡುವುದು, ಪಾತಿಯನ್ನು ಎತ್ತರಿಸುವುದು ಮೊದಲ ಕೆಲಸ. ಮಣ್ಣಿನ ಪರೀಕ್ಷೆಯ ಬಗ್ಗೆ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಮೊಳಕೆಗೆ ಸಹಾಯವಾಗುವುದು ಸಾರಜನಕದಿಂದಲ್ಲ. ಬೀಜದೊಳಗೆ ಮೊದಲ ಬುತ್ತಿ ಇದ್ದೇ ಇರುವುದು. ಈ ಜೀವಿಗಳು ಸ್ರವಿಸುವ ಬೆಳವಣಿಗೆಯ ರಸಗಳು ಬೇರನ್ನು ಬೇಗ ಚಿಗುರಿಸಿ ಕವಲೊಡೆಯಿಸುವುವು; ಸಾರಜನಕದ ಉಪಕಾರ ಆಮೇಲಿನದು. ಸತ್ತ ಬೀಜವನ್ನು ಯಾವ ಪುಡಿಯೂ ಎಬ್ಬಿಸಲಾರದು. ಕೊಟ್ಟಿಗೆಯ ಗೊಬ್ಬರಕ್ಕೆ ಇದು ಬದಲಿಯೂ ಅಲ್ಲ. ನಂಬಿಕೆಯಿಲ್ಲದವರು ಒಂದೇ ಬೀಜವನ್ನು ಎರಡು ಪಾತಿಗಳಲ್ಲಿ, ಒಂದಕ್ಕೆ ಲೇಪಮಾಡಿ ಮತ್ತೊಂದಕ್ಕೆ ಮಾಡದೆ, ಒಂದೇ ದಿನ ಬಿತ್ತಿ, ಹುಟ್ಟಿದ ಮೊಳಕೆಗಳನ್ನು ದಿನದಿನವೂ ಎಣಿಸಿ ಪಂಚಾಂಗದ ಅಂಚಿನಲ್ಲಿ ಬರೆದಿಡಲಿ.