ಡಾನರ್ ಘಟ್ಟಕ್ಕೆ ನಾಲ್ಕು ಟೈರು

“ಗಾಡಿ ನಾಲ್ಕೂ ಚಕ್ರದಲ್ಲಿ ಎಳೀತದೆ ಅಂತೀಯ, ಸರಿ ಮಾರಾಯ. ನಿಲ್ಲಿಸೋದು ಯಾವುದು?”

ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪಯ್ಯ ಹೀಗೆ ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಹಿಂದಿನ ಚಳಿಗಾಲದ ಕಥೆಯನ್ನು ಆಗಷ್ಟೇ ಹೇಳಿ ಮುಗಿಸಿದ್ದೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫಾಲ್ಸಮ್‌ನಲ್ಲಿ. ತಂಗಿಯ ಮನೆ ನೆವಾಡಾದ ರೀನೋದಲ್ಲಿ. ನಡುವೆ ಸುಮಾರು 200 ಕಿ.ಮೀ. ದಾರಿ, ದಾರಿಯ ಮಧ್ಯೆ ಸಿಯೆರಾ ನೆವಾಡಾ ಪರ್ವತ. ಇಂಟರ್‌ಸ್ಟೇಟ್ 80 ಹೆದ್ದಾರಿ ಡಾನರ್ ಘಟ್ಟದ ನೆತ್ತಿಯನ್ನು 7,239 ಅಡಿ ಎತ್ತರದಲ್ಲಿ ದಾಟುತ್ತದೆ. ನಮ್ಮ ಆಗುಂಬೆಯಲ್ಲಿ ಮಳೆ ಸುರಿಯುವ ಕಾರಣಕ್ಕೇ ಇಲ್ಲಿ ಹಿಮ ಸುರಿಯುತ್ತದೆ. ಕಡಲಿನ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಹೊತ್ತದ್ದನ್ನೆಲ್ಲ ಅಲ್ಲೇ ಸುರಿದುಬಿಡುತ್ತದೆ. 2022-23ರ ಚಳಿಗಾಲದಲ್ಲಿ ನೆತ್ತಿಯ ಬಳಿ ಇರುವ ಹಿಮ ಪ್ರಯೋಗಾಲಯ ಅಳೆದ ಹಿಮ 19 ಮೀಟರಿಗೂ ಹೆಚ್ಚು! ಒದ್ದೆಯಾಗಿ ಭಾರವಾಗಿರುವ ಈ ಹಿಮಕ್ಕೆ ಇಲ್ಲಿನವರು ‘ಸಿಯೆರಾ ಸಿಮೆಂಟ್’ ಎನ್ನುತ್ತಾರೆ. 1846ರಲ್ಲಿ ಎತ್ತಿನ ಬಂಡಿಗಳಲ್ಲಿ ಬಂದ ಡಾನರ್ ಕುಟುಂಬ ಮತ್ತು ಸಂಗಡಿಗರು ಈ ಘಟ್ಟದ ತಪ್ಪಲಲ್ಲೇ ಹಿಮಕ್ಕೆ ಸಿಕ್ಕಿಬಿದ್ದರು. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬದುಕುಳಿಯಲಿಲ್ಲ.

ಹಿಂದಿನ ವರ್ಷ ನಮ್ಮ ಎಸ್‌ಯುವಿ ಆ ಏರನ್ನು ಸಲೀಸಾಗಿ ಹತ್ತಿತ್ತು. ನನಗೂ ಸ್ವಲ್ಪ ಜಂಬ ಬಂದಿತ್ತು. ಟ್ರಕ್ಕಿ ಊರಿನತ್ತ ಇಳಿಯುವಾಗ ಮುಂದಿನ ಕಾರು ನಿಧಾನವಾಯಿತು, ಬ್ರೇಕ್ ಒತ್ತಿದೆ. ಕಾಲಡಿಯಲ್ಲಿ ಪೆಡಲ್ ಗಡಗಡ ನಡುಗಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಸ್ಟೀರಿಂಗ್ ತಿರುಗಿಸಿದೆ, ಅದಕ್ಕೂ ಕೇಳಲಿಲ್ಲ. ಕೊನೆಗೆ ರಸ್ತೆಯಂಚಿನ ಹಿಮದ ಗುಡ್ಡೆಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿದ್ದ ಒಂಬತ್ತು ವರ್ಷದ ಮಗಳು ರೀನೋ ತಲುಪುವವರೆಗೂ ಮಾತಾಡಲಿಲ್ಲ. ಆ ಮೌನ ಇನ್ನೂ ನನ್ನ ಕಿವಿಯಲ್ಲಿದೆ.

ಈ ವರ್ಷ ಹೋಗದೆ ವಿಧಿಯಿಲ್ಲ. ಜನವರಿಯಲ್ಲಿ ತಂಗಿಗೆ ಹೆರಿಗೆ. ಬಾಣಂತನಕ್ಕೆಂದು ಅಮ್ಮ ಆಗಲೇ ರೀನೋ ಸೇರಿದ್ದರು. ಹಾಗಾಗಿ ನವೆಂಬರಿನ ಒಂದು ಶನಿವಾರ ನಾನು, ಅಪ್ಪಯ್ಯ, ಮಗಳು ಮೂವರೂ ಟೈರಿನ ಅಂಗಡಿಗೆ ಹೋದೆವು.

ನನ್ನ ಕಣ್ಣು ಮೊದಲು ಹೋದದ್ದು ರಾಕ್ಷಸನ ಹಲ್ಲಿನಂಥ ದಪ್ಪ ಗುಬ್ಬೆಗಳಿದ್ದ ಟೈರಿನ ಮೇಲೆ. ಅಂಗಡಿಯವರು ನಕ್ಕರು. “ಅದು ಕೆಸರಿಗೆ, ಕಲ್ಲುದಾರಿಗೆ ಚೆನ್ನ. ವಾಹನ ಓಡಾಡಿ ಗಟ್ಟಿಯಾದ ಹಿಮದಲ್ಲಿ ನಿಲ್ಲಬೇಕಾದರೆ ಬೇರೆಯದೇ ಬೇಕು” ಎಂದು ಚಳಿಗಾಲದ ಟೈರೊಂದನ್ನು ಮುಂದಿಟ್ಟರು. ಅದರ ಪ್ರತಿ ಗುಬ್ಬೆಯ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸಣ್ಣ ಸೀಳುಗಳು. ಒತ್ತಿ ನೋಡಿದರೆ ರಬ್ಬರ್ ಮೆತ್ತಗಿತ್ತು. ಸಾಧಾರಣ ಟೈರಿನ ರಬ್ಬರ್ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿರುಸಾಗಿ ಹಿಡಿತ ಕಳೆದುಕೊಳ್ಳತೊಡಗುತ್ತದೆ. ಇದು ಕೊರೆವ ಚಳಿಯಲ್ಲೂ ಮೆತ್ತಗೇ ಇರುತ್ತದೆ.

“ಕೆಸರಿನಲ್ಲಾದ್ರೆ ಟೈರು ಮಣ್ಣನ್ನ ಆಚೆ ಎಸೀಬೇಕು. ಇಷ್ಟು ಸಣ್ಣ ಸೀಳಿನಲ್ಲಿ ಹಿಮ ಕಚ್ಚಿಕೊಂಡುಬಿಡೋದಿಲ್ವಾ?” ಅಪ್ಪಯ್ಯನ ಅನುಮಾನ.

“ಕಚ್ಚಿಕೊಳ್ಳಲಿ ಅಜ್ಜ! ಹಿಮದ ಉಂಡೆ ಮಾಡುವಾಗ ಹಿಮಕ್ಕೆ ಹಿಮಾನೇ ಅಂಟೋದು” ಎಂದಳು ಮಗಳು.

ಅಂಗಡಿಯವರಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. “ಸರಿಯಾಗೇ ಹೇಳಿದಳು” ಎಂದು ಅವಳ ಬೆನ್ನು ತಟ್ಟಿದರು. ಟೈರಿನ ಗೀರುಗಳಲ್ಲಿ ಸಿಕ್ಕ ಹಿಮ ರಸ್ತೆಯ ಹಿಮವನ್ನು ಹಿಡಿಯುತ್ತದಂತೆ.

ಟೈರಿನ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನೂ ತೋರಿಸಿದರು. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಆ ಗುರುತು. ನಮ್ಮ ಹಳೆಯ ಟೈರಿನಲ್ಲಿದ್ದದ್ದು ಬರೀ ‘ಎಂ+ಎಸ್’ ಅಕ್ಷರ. ಅಂದರೆ ಕೆಸರು ಮತ್ತು ಹಿಮ. ಅದಕ್ಕೆ ಗೀರುಗಳ ವಿನ್ಯಾಸವಿದ್ದರೆ ಸಾಕು, ಅಂಥ ಪರೀಕ್ಷೆ ಬೇಕಿಲ್ಲ.

ಖರ್ಚು ಉಳಿಸಲು ಎರಡೇ ಕೊಳ್ಳೋಣವೆಂದೆ. ಹಾಗೆ ಮಾಡಿದರೆ ಮುಂದಿನ ಚಕ್ರ ಹಿಡಿದಾಗ ಹಿಂಭಾಗ ಜಾರಿ ಗಾಡಿ ಗಿರಕಿ ಹೊಡೆಯಬಹುದು ಎಂದು ತಿಳಿದ ಮೇಲೆ ನಾಲ್ಕಕ್ಕೂ ದುಡ್ಡು ಕೊಟ್ಟೆ. ಕಾರಿನ ಪುಸ್ತಕ ಒಪ್ಪುವ ಅಳತೆಗಳಲ್ಲಿ ಕಿರಿದಾದದ್ದನ್ನೇ ಆರಿಸಿದೆವು. ಅಗಲದ ಟೈರು ನೀರುಹಿಮದ ಮೇಲೆ ತೇಲುತ್ತದೆ, ಕಿರಿದಾದದ್ದು ಅದನ್ನು ಸೀಳಿ ನೆಲ ಮುಟ್ಟುತ್ತದೆ. ಮೆತ್ತನೆಯ ರಬ್ಬರ್ ಬೇಸಿಗೆಯಲ್ಲಿ ಬೇಗ ಸವೆಯುವುದರಿಂದ ಬೇರೆ ರಿಮ್ಮಿಗೇ ಹಾಕಿಸಿದೆ. ಮಾರ್ಚ್ ಕಳೆದ ಮೇಲೆ ಬಿಚ್ಚಿ ಗ್ಯಾರೇಜಿನಲ್ಲಿಡುವುದು.

ಇಷ್ಟಾದರೂ ಚೈನು ಬೇಕೇ ಬೇಕು. ಕ್ಯಾಲಿಫೋರ್ನಿಯಾದಲ್ಲಿ ‘ಆರ್-2’ ಫಲಕ ಹಾಕಿದಾಗ ನಾಲ್ಕು ಚಕ್ರ ಎಳೆಯುವ, ನಾಲ್ಕಕ್ಕೂ ಹಿಮದ ಟೈರಿರುವ ಗಾಡಿ ಚೈನು ಕಟ್ಟದೆ ಹೋಗಬಹುದು. ಆದರೆ ಜೊತೆಗೆ ಒಯ್ಯಲೇಬೇಕು. ‘ಆರ್-3’ ಬಂತೆಂದರೆ ಯಾರಿಗೂ ವಿನಾಯಿತಿಯಿಲ್ಲ. ಚೈನು ಕಂಡದ್ದೇ ಅಪ್ಪಯ್ಯನಿಗೆ ಹುರುಪು. ಮಲೆನಾಡಿನ ಮಳೆಗಾಲದಲ್ಲಿ ತೋಟದ ದಾರಿಗೆ ಜೀಪಿನ ಚಕ್ರಕ್ಕೆ ಚೈನು ಕಟ್ಟಿದ ಕೈ ಅದು. “ಹಿಮದಲ್ಲಿ ಕೈ ಮರಗಟ್ಟಿದ ಮೇಲೆ ಕಲಿಯೋಕಾಗ್ತದಾ? ಇಲ್ಲೇ ಕಲಿ” ಎಂದು ಮನೆ ಮುಂದೆ ಮೂರು ಸಲ ಕಟ್ಟಿಸಿ, ಮೂರು ಸಲ ಬಿಚ್ಚಿಸಿದರು.

ಜನವರಿಯ ಒಂದು ರಾತ್ರಿ ಫೋನ್ ಬಂತು. ಗಂಡು ಮಗು, ಇಬ್ಬರೂ ಕ್ಷೇಮ. ಬ್ಯಾಗು ತುಂಬಿ ಹೊರಡುವಷ್ಟರಲ್ಲಿ ಘಟ್ಟದ ರಸ್ತೆಯನ್ನೇ ಮುಚ್ಚಿದ್ದರು. ಅಷ್ಟು ದುಡ್ಡು ಸುರಿದ ಟೈರು ಮನೆ ಮುಂದೆ ಸುಮ್ಮನೆ ನಿಂತಿತ್ತು. ನಾನು ಚಡಪಡಿಸಿದೆ. “ಘಟ್ಟ ಬೇಡ ಅಂದ ದಿನ ಹೋಗಬಾರದು. ಮಗು ಎಲ್ಲಿಗೂ ಓಡಿಹೋಗೋದಿಲ್ಲ” ಎಂದರು ಅಪ್ಪಯ್ಯ.

ಮರುದಿನ ಮಧ್ಯಾಹ್ನ ದಾರಿ ತೆರೆಯಿತು. ಹೊರಡುವ ಮುನ್ನ ಗಾಳಿ ನೋಡಿದೆ. ಚಳಿ 5-6 ಡಿಗ್ರಿ ಏರಿದಂತೆಲ್ಲ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ತಪಾಸಣೆಯವರು ಟೈರಿನ ಗುರುತು ನೋಡಿ, ಚೈನು ಇದೆಯೇ ಎಂದು ಕೇಳಿ ಮುಂದೆ ಬಿಟ್ಟರು. ಎರಡೂ ಬದಿಗೆ ಆಳೆತ್ತರ ಮೀರಿದ ಹಿಮದ ಗೋಡೆ. ಗಂಟೆಗೆ 25 ಮೈಲಿಯಲ್ಲಿ, ಮುಂದಿನ ಗಾಡಿಗೆ ದೂರ ಬಿಟ್ಟು ಹೋದೆವು.

ಅದೇ ಇಳಿಜಾರು ಬಂತು. ಮುಂದಿದ್ದ ಲಾರಿಯ ಕೆಂಪು ದೀಪ ಹೊತ್ತಿತು. ಮೆಲ್ಲಗೆ ಬ್ರೇಕ್ ಒತ್ತಿದೆ. ಟೈರು ಕರಕರ ಸದ್ದು ಮಾಡಿ, ಗಾಡಿ ನೆಟ್ಟಗೆ ನಿಂತಿತು.

ಹಿಂದಿನಿಂದ ಮಗಳ ದನಿ: “ಅಪ್ಪ, ಪಾಪುಗೆ ಏನು ಹೆಸರಿಡ್ತಾರೆ?”

ರೀನೋ ತಲುಪುವವರೆಗೂ ಅವಳ ಬಾಯಿ ನಿಲ್ಲಲಿಲ್ಲ.